ನಾಲ್ವರ ಹೆಗಲು

ವಾಮನಣ್ಣ,

ನೀನು ಹೋಗಿ ಎಂಟು ತಿಂಗಳಾಯ್ತು. ಇವತ್ತು ಪೆಟಾಲಿಂಗ್ ಜಯಾದಲ್ಲಿ ನಮ್ಮ ಕನ್ನಡ ಬಳಗದ ಚರಿತ್ರೆ ಪುಸ್ತಕ ಬಿಡುಗಡೆ ಆಯ್ತು. ಬರೆದವನು ಕಾರ್ಯದರ್ಶಿ, ಅಂದರೆ ನಾನು. ಅದರಲ್ಲಿ ನಿನ್ನ ಹೆಸರಿಲ್ಲ. ಈ ಪರದೇಶದಲ್ಲಿ, ಮಾಮಕ್ ಚಹಾ ಅಂಗಡಿಯ ಮೇಜಿನ ಮೇಲೆ ಬಳಗ ಕಟ್ಟಿದವನು ನೀನು, ಇರಲಿ. ಸತತ ಮೂರು ಸಭೆ ತಪ್ಪಿಸಿದವನು ಸದಸ್ಯನಲ್ಲ ಅಂತ ನಿಯಮ ಮಾಡಿದವನೂ ನೀನೇ ತಾನೆ? ನೀನು ಮೂರು ಸಭೆ ತಪ್ಪಿಸಿದಾಗ ಆಸ್ಪತ್ರೆಯಲ್ಲಿದ್ದೆ. ಗೊತ್ತಿತ್ತು, ವಾರವಾರ ಬಂದು ನಿನ್ನ ಪಕ್ಕ ಕೂರುತ್ತಿದ್ದೆನಲ್ಲ. ಆದರೂ ಸದಸ್ಯರ ಪಟ್ಟಿಯಿಂದ ನಿನ್ನ ಹೆಸರು ನಾನೇ ಹೊಡೆದುಹಾಕಿದೆ. ಎಲ್ಲರೆದುರು ನನ್ನನ್ನು "ಬರೀ ಗುಮಾಸ್ತ" ಅಂದಿದ್ದೆ ನೀನು.

ಸದಸ್ಯ ಸತ್ತರೆ ಬಳಗದ ನಾಲ್ವರು ಹೆಗಲು ಕೊಡಬೇಕು, ಅದೂ ನಿನ್ನದೇ ನಿಯಮ. ನೀನು ಸತ್ತ ದಿನ ಅತ್ತಿಗೆ ಫೋನ್ ಮಾಡಿದರು. "ಅಣ್ಣ ಈಗ ಸದಸ್ಯ ಅಲ್ಲ ಅತ್ತಿಗೆ" ಅಂದೆ. ಕೂಲಿಯವರು ಹೊತ್ತರಂತೆ.

ಇವತ್ತು ಅತ್ತಿಗೆ ಬಂದಿದ್ದರು. ಪುಸ್ತಕ ಮುಟ್ಟಲಿಲ್ಲ, ಸದಸ್ಯತ್ವದ ಫಾರ್ಮ್ ಕೇಳಿದರು. ನಿಂತೇ ತುಂಬಿದರು. ಕೊನೆಯಲ್ಲಿ ಹೀಗೆ ಬರೆದರು: "ನಾನು ಸತ್ತಾಗ ಯಾರಾದರೂ ನಾಲ್ವರು ಬರಲಿ. ಕಾರ್ಯದರ್ಶಿ ಮಾತ್ರ ಬೇಡ."

ಹಾಗೆ ಕೇಳಬಾರದು ಅಂತ ನಿನ್ನ ನಿಯಮದಲ್ಲಿ ಎಲ್ಲೂ ಇಲ್ಲ. ಸಹಿ ಹಾಕಿ ಸೀಲ್ ಒತ್ತಿದೆ.