ಸರ್ಕಾರಿ ಸ್ಟ್ಯಾಂಡಿನ ಮೇಲೆ ಕೂರಬಾರದ ಫಲಕಗಳು

ಮಾನ್ಯ ಸೌರ ಯೋಜನಾ ಮಂಜೂರಾತಿ ಅಧಿಕಾರಿಗಳೇ,

ನಮ್ಮ ಹೆರಿಗೆ ಆಸ್ಪತ್ರೆಯ ತಾರಸಿಯಲ್ಲಿರುವ ವಿದೇಶಿ ಸೌರ ಫಲಕಗಳನ್ನು ವಾರದೊಳಗೆ ಇಳಿಸಬೇಕು, ತಪ್ಪಿದರೆ ಆಸ್ಪತ್ರೆಯ ಅನುದಾನವೂ ನನ್ನ ನೌಕರಿಯೂ ಹೋಗುತ್ತದೆ ಎಂಬ ತಮ್ಮ ನೋಟಿಸು ತಲುಪಿದೆ. ಇಳಿಸುವುದಿಲ್ಲ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟೇ ಬರೆದರೆ ಉದ್ಧಟತನವೆಂದು ಇನ್ನೊಂದು ನೋಟಿಸು ಬರುತ್ತದೆ, ಆದ್ದರಿಂದ ಸವಿಸ್ತಾರವಾಗಿಯೇ ಉದ್ಧಟತನ ಮಾಡುತ್ತೇನೆ. ತಮಗೊಬ್ಬರಿಗೇ ಬರೆದರೆ ಕಡತದ ಹೊಟ್ಟೆ ಸೇರುತ್ತದೆ. ನಾಲ್ಕು ಜನ ಓದಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ.

ಈ ಫಲಕಗಳನ್ನು ಸರ್ಕಾರ ಕೊಡಿಸಲಿಲ್ಲ. ಇಲ್ಲಿ ಹೆತ್ತು ಹೋದ ಹೆಂಗಸರು, ಅವರ ಅತ್ತೆಯಂದಿರು, ನಾದಿನಿಯರು ಚಂದಾ ಎತ್ತಿ ತಂದರು. ಅಂಗಡಿಯಲ್ಲಿ ಆಗ ಸಿಕ್ಕಿದ್ದು ಪರದೇಶದ ಮಾಲು. ಅದನ್ನೇ ಕೊಂಡರು. ಆಮೇಲೆ ತಮ್ಮ ಇಲಾಖೆಗೂ ಪುಣ್ಯ ಕಟ್ಟಿಕೊಳ್ಳುವ ಮನಸ್ಸಾಗಿ, ಫಲಕ ಕೂರಿಸಲು ಒಂದು ಕಬ್ಬಿಣದ ಸ್ಟ್ಯಾಂಡ್ ಮಂಜೂರು ಮಾಡಿತು. ಅಲ್ಲಿಗೆ ನಮ್ಮ ಗ್ರಹಚಾರ ಕೆಟ್ಟಿತು. ಸ್ಟ್ಯಾಂಡಿಗೆ ಸರ್ಕಾರದ ಹಣ ಬಿದ್ದ ಮೇಲೆ ಇಡೀ ತಾರಸಿಯೇ ಸರ್ಕಾರಿ ಯೋಜನೆಯಾಯಿತು. ಸರ್ಕಾರಿ ಯೋಜನೆಯಲ್ಲಿ ದೇಶದೊಳಗೆ ತಯಾರಾದ ಫಲಕವೇ ಇರಬೇಕೆಂಬುದು ನಿಯಮ. ತಮ್ಮ ತಪಾಸಕರು ಬಂದರು, ಫಲಕದ ಕೆಳಗೆ ತೂರಿ ಬೆನ್ನ ಮೇಲಿನ ಚೀಟಿ ಓದಿದರು, ತಲೆಗೆ ಜೇಡರ ಬಲೆ ಮೆತ್ತಿಕೊಂಡು ಹೊರಬಂದರು.

"ಸಿಸ್ಟರ್, ಸ್ಟ್ಯಾಂಡು ಗೌರ್ಮೆಂಟ್ದು, ಪ್ಯಾನೆಲ್ಲು ಫಾರಿನ್ದು. ಕೂರ್ಸೋ ಹಾಗಿಲ್ಲ" ಅಂದರು.

"ಆಗ್ಲೇ ಕೂತಿದಾವಲ್ಲ ಸರ್?"

"ಅದಕ್ಕೇ ಇಳ್ಸಿ ಅಂತಿರೋದು."

"ನೆಲದ ಮೇಲೆ ಇಟ್ಕೊಂಡ್ರೆ?"

ಅವರು ಚೀಲದಿಂದ ನಿಯಮದ ಪ್ರತಿ ತೆಗೆದು ಹಾಳೆ ತಿರುವಿದರು. "ನೆಲದ ಬಗ್ಗೆ ನಿಯಮದಲ್ಲಿ ಏನೂ ಹೇಳಿಲ್ಲ" ಅಂದರು.

ಹೀಗೆ ಫಲಕಗಳು ಹಿತ್ತಲಿಗೆ ಇಳಿದು ಗೋಡೆಗೆ ಒರಗಿ ನಿಂತವು. ಅಲ್ಲಿ ಕಟ್ಟಡದ ನೆರಳು ಬಿಟ್ಟರೆ ಬೇರೇನೂ ಬೀಳುವುದಿಲ್ಲ. ಮೇಲೆ ಬರಿದಾದ ಸ್ಟ್ಯಾಂಡನ್ನು ಸುಮ್ಮನೆ ಬಿಡಬಾರದೆಂದು ಆಯಾ ಅದರ ಮೇಲೆ ಹಸುಗೂಸುಗಳ ಬಟ್ಟೆ ಒಣಹಾಕತೊಡಗಿದಳು. ಬಟ್ಟೆಗಳೆಲ್ಲ ದೇಶೀಯ, ನಾನೇ ಪರೀಕ್ಷಿಸಿದ್ದೇನೆ. ದೇಶೀಯ ಫಲಕ ಯಾವಾಗ ಬರುತ್ತದೆಂದು ತಮಗೆ ಕೇಳಿದ್ದಕ್ಕೆ "ಸರದಿಯ ಪ್ರಕಾರ" ಎಂಬ ಉತ್ತರ ಬಂತು. ಸರದಿ ಎಲ್ಲಿಂದ ಶುರುವಾಗುತ್ತದೆಂದು ತಿಳಿಯಲು ತಮ್ಮ ಕಚೇರಿಗೇ ಬಂದೆ. ತಮ್ಮ ತಾರಸಿಯ ಮೇಲೆ ಹೊಸ ದೇಶೀಯ ಫಲಕಗಳು ಪಳಪಳ ಹೊಳೆಯುತ್ತಿದ್ದವು. ತಮ್ಮ ಕೋಣೆಯ ಎ.ಸಿ.ಗೆ ನಾನು ಸೆರಗು ಹೊದ್ದು ಕೂತಿದ್ದೆ.

ಈಗ ಆ ದಿನದ ವಿಷಯ. ಸುಡು ಮಧ್ಯಾಹ್ನ ಬೀದಿಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಹೆರಿಗೆ ಕೋಣೆಯಲ್ಲಿ ಆಗಷ್ಟೇ ಒಂದು ಹೆಣ್ಣುಮಗು ಹುಟ್ಟಿತ್ತು, ದಿನ ತುಂಬುವ ಮೊದಲೇ. ಅಷ್ಟು ಸಣ್ಣ ಮಗುವಿಗೆ ಮೈಯ ಬಿಸಿ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ನಾವು ಬೆವರುವ ಕೋಣೆಯೂ ಅದಕ್ಕೆ ತಣ್ಣಗೆ. ಅದನ್ನು ಬೆಚ್ಚಗಿಡುವ ವಾರ್ಮರ್ ಆರಿತು. ಫಲಕಗಳು ಬಿಸಿಲು ಕಾಣದೆ ಅವುಗಳ ಬ್ಯಾಟರಿ ಎಂದೋ ಬರಿದಾಗಿತ್ತು. ಜನರೇಟರ್ ಇಲ್ಲವೇ ಎನ್ನುತ್ತೀರಾ? ಇದೆ, ತಮ್ಮ ಕಚೇರಿಯಲ್ಲಿ.

ಕರೆಂಟ್ ಇಲ್ಲದಾಗ ನಮಗೆ ಗೊತ್ತಿರುವುದು ಒಂದೇ ದಾರಿ, ಮಗುವನ್ನು ಬರಿಮೈಗೆ ಅಪ್ಪಿಕೊಳ್ಳುವುದು. ತಾಯಿಗೆ ರಕ್ತ ಹೋಗಿ ಅವಳೇ ಗಡಗಡ ನಡುಗುತ್ತಿದ್ದಳು. ಮೊದಲು ಅಜ್ಜಿಯ ಎದೆಗೆ ಹಾಕಿದೆ. ಆಕೆಗೆ ತಲೆ ಸುತ್ತು ಬಂತು. ಆಮೇಲೆ ಅಪ್ಪನನ್ನು ಕರೆದೆ, ಬಸ್ ಡ್ರೈವರು, ಆನೆಯಂಥ ಆಳು, ಬಾಗಿಲಲ್ಲೇ ನಿಂತುಬಿಟ್ಟ.

"ಸಿಸ್ಟರ್, ಭಯ ಆಗುತ್ತೆ. ಬೀಳ್ಸಿಬಿಟ್ರೆ?"

"ಬೀಳ್ಸಲ್ಲ ಕಣಪ್ಪ. ಅಂಗಿ ತೆಗಿ, ಕೂತ್ಕೋ."

ಅವನು ಉಸಿರಾಡಲೂ ಹೆದರಿ ಕೂತ. ಅವನು ಬಳಲಿದಾಗ ನಾನು ಕೂತೆ. ಅಜ್ಜಿ, ಅಪ್ಪ, ನಾನು, ಮೂವರೂ ಅಪ್ಪಟ ದೇಶೀಯ ಉತ್ಪನ್ನ, ಬಿಡಿಭಾಗ ಸಹಿತ. ಇದಕ್ಕಾದರೂ ಇಲಾಖೆಯ ಆಕ್ಷೇಪ ಇರಲಾರದು. ತಮಾಷೆ ಈಗ ಮಾಡುತ್ತಿದ್ದೇನೆ. ಆಗ ಮಗುವಿನ ಪಾದ ನೀಲಿಗಟ್ಟಿತ್ತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಹಾಗೆ ಹೆದರಿದ್ದಿಲ್ಲ. ಕಿಟಕಿಯಾಚೆ ಬಿಸಿಲು ಧಗಧಗ ಉರಿಯುತ್ತಿತ್ತು, ಅದನ್ನು ಹಿಡಿಯಬೇಕಾದ ಫಲಕಗಳು ನಿಯಮ ಪಾಲಿಸುತ್ತ ನೆರಳಿನಲ್ಲಿ ನಿಂತಿದ್ದವು. ನನಗೆ ಬಂದ ಸಿಟ್ಟನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವ ಹಾಗಿಲ್ಲ.

ಸಂಜೆ ಕರೆಂಟ್ ಬಂತು, ಮಗು ಉಳಿಯಿತು. ಮರುದಿನ ಬೆಳಿಗ್ಗೆ ಡ್ರೈವರು ಯಾರನ್ನೂ ಕೇಳದೆ ಒಂದು ಫಲಕವನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಹಿಂದೆಯೇ ಉಳಿದ ಬಾಣಂತಿಯರ ಮನೆಯವರು ಕೈಹಾಕಿದರು. ನಾವೆಲ್ಲ ಶಾಕ್ ಮಾಮ ಎಂದು ಕರೆಯುವ ನಮ್ಮ ವೈರ್‌ಮನ್ ತಂತಿ ಹಿಡಿದು ನನ್ನ ಮುಖ ನೋಡಿದ. "ಸಿಸ್ಟರ್, ನೀವು ಒಳಗೆ ಹೋಗಿ. ನೀವೇನೂ ನೋಡಿಲ್ಲ."

"ನೋಡ್ತಾನೇ ಇದೀನಿ. ಯಾರು ಹೇಳಿದ್ರು ಅಂತ ಕೇಳಿದ್ರೆ ನನ್ನ ಹೆಸರು ಹೇಳು."

ಫಲಕಗಳು ಮತ್ತೆ ಸ್ಟ್ಯಾಂಡ್ ಏರಿದವು, ಬೆನ್ನಿಗೇ ತಮ್ಮ ನೋಟಿಸು ಬಂತು. ದಯವಿಟ್ಟು ನನ್ನನ್ನು ದೇಶೀಯ ಉದ್ಯಮದ ಶತ್ರು ಎನ್ನಬೇಡಿ. ನನ್ನ ಸ್ವಂತ ತಮ್ಮನೇ ಫಲಕದ ಕಾರ್ಖಾನೆಯಲ್ಲಿದ್ದಾನೆ. ಈ ಪತ್ರ ಬರೆಯುತ್ತೇನೆಂದಾಗ ಗಾಬರಿಯಾದ. "ಅಕ್ಕಾ, ನಿಯಮ ತೆಗೀರಿ ಅಂತ ಮಾತ್ರ ಬರೀಬೇಡ. ಅಗ್ಗದ ಮಾಲು ನುಗ್ಗಿದ್ರೆ ನಾವು ಮನೆಗೆ ಹೋಗ್ಬೇಕು." ಸರಿ, ಬರೆಯುವುದಿಲ್ಲ. ಅವನು ದುಡಿಯಲಿ, ಕಾರ್ಖಾನೆ ಬೆಳೆಯಲಿ, ಮುಂದೆ ಕೊಳ್ಳುವ ಫಲಕಗಳೆಲ್ಲ ಅವನ ಕೈಯಲ್ಲೇ ತಯಾರಾಗಲಿ. ಆದರೆ ಈಗಾಗಲೇ ದುಡಿಯುತ್ತಿರುವ ಫಲಕವನ್ನು ಇಳಿಸಿ ಗೋಡೆಗೆ ಒರಗಿಸಿದರೆ ಅವನಿಗೆ ಯಾವ ಕೆಲಸ ಹೆಚ್ಚಾಯಿತು? ಯಾವ ದೇಶ ಉದ್ಧಾರವಾಯಿತು?

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ದೇಶೀಯ ಫಲಕ ನಮ್ಮ ಬಾಗಿಲಿಗೆ ಬರುವವರೆಗೆ ಹಳೆಯವು ಇದ್ದಲ್ಲೇ ಇರಲಿ ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಆಗದು, ಇಳಿಸಲೇಬೇಕು ಎಂದಾದರೆ ತಪಾಸಕರನ್ನು ಕಳಿಸಬೇಡಿ, ತಾವೇ ಬನ್ನಿ. ಏಣಿ ನಾನು ಹಿಡಿಯುತ್ತೇನೆ. ಆ ಮಗು ಇನ್ನೂ ವಾರ್ಮರಿನಲ್ಲೇ ಇದೆ, ಬೀದಿಯ ಕರೆಂಟ್ ಈಗಲೂ ಹೋಗಿ ಬರುತ್ತಲೇ ಇದೆ. ತಂತಿ ಕೀಳಿಸುವ ಮೊದಲು ಕೈ ತೊಳೆದುಕೊಂಡು, ಅಂಗಿ ತೆಗೆದು ಕುರ್ಚಿಯಲ್ಲಿ ಕೂರಿ, ಮಗುವನ್ನು ತಮ್ಮ ಎದೆಗೆ ನಾನೇ ಹಾಕುತ್ತೇನೆ. ದೇಶೀಯ ಫಲಕ ಬರುವವರೆಗೆ ತಾವು ಏಳುವಂತಿಲ್ಲ.

ಇಂತಿ,
ಬಹುಶಃ ಮುಂದಿನ ವಾರದವರೆಗೆ ಮಾತ್ರ ತಮ್ಮ ಅಧೀನಳಾಗಿರುವ,
ಹೆರಿಗೆ ಆಸ್ಪತ್ರೆಯ ಹಿರಿಯ ಸಿಸ್ಟರ್