ಹೆಚ್ಚುವರಿ ಇಪ್ಪತ್ತು ನಿಮಿಷ

ಜೂನ್ 5, ಶುಕ್ರವಾರ. ಸಂಜೆ 7

ಇದನ್ನು ಬರೆಯದೇ ಬಿಟ್ಟುಬಿಡುವವಳಿದ್ದೆ. ಮಧ್ಯಾಹ್ನದ ವಿಮಾನಕ್ಕೆ ನಾನು ಹಾಕಿಸಿದ ಹೆಚ್ಚುವರಿ ಇಂಧನಕ್ಕೂ ಹವಾಮಾನಕ್ಕೂ ಸಂಬಂಧವಿರಲಿಲ್ಲ. ಆ ವಿಮಾನದಲ್ಲಿ ಮಗಳಿದ್ದಳು.

ಎರಡು ಊರುಗಳ ನಡುವೆ ನಾನೂರ ಮೂವತ್ತು ಕಿಲೋಮೀಟರ್. ಹಾರಾಟ ಒಂದು ಗಂಟೆ ಹತ್ತು ನಿಮಿಷ. ವಿಮಾನ ಕಂಪನಿಯ ಈ ಡೆಸ್ಕಿನಲ್ಲಿ ಕೂತು ದಾರಿ, ಎತ್ತರ, ಇಂಧನ ಗೊತ್ತುಮಾಡುವುದೇ ನನ್ನ ಕೆಲಸ. ಲೆಕ್ಕ ತಪ್ಪಿದ್ದಿಲ್ಲ. ಇವತ್ತೂ ತಪ್ಪಲಿಲ್ಲ. ಸುಮ್ಮನೆ ಇಪ್ಪತ್ತು ನಿಮಿಷ ಹಾರುವಷ್ಟು ಇಂಧನ ಹೆಚ್ಚು ಸೇರಿಸಿದೆ, ಅಷ್ಟೆ.

ಮಗಳು ಹೊರಡುವ ಊರಿಂದ ಕ್ಯಾಪ್ಟನ್ ಫೋನ್.

"ಏನ್ ಮೇಡಂ, ಆಕಾಶ ತೊಳೆದಿಟ್ಟ ಹಾಗಿದೆ. ಇನ್ನೂರೈವತ್ತು ಕಿಲೋ ಇಂಧನ ಜಾಸ್ತಿ! ಊರೆಲ್ಲ ಸುತ್ತಿಸ್ತೀರಾ ನಮ್ಮನ್ನ?"

"ಇಳಿಯೋ ಕಡೆ ರಶ್ ಇರಬಹುದು, ಕ್ಯಾಪ್ಟನ್."

ಇರಬಹುದು... ಅನ್ನುವುದು ಎಷ್ಟು ಅನುಕೂಲದ ಮಾತು.

ಮಗಳಿಗೆ ಹದಿಮೂರು. ನಾವು ಬೇರೆಯಾದ ಮೇಲೆ ಅಪ್ಪನ ಜೊತೆ ಅಲ್ಲೇ ಓದುತ್ತಿದ್ದಾಳೆ. ಒಬ್ಬಳೇ ಹಾರುವುದು ಇದೇ ಮೊದಲು. ಸರಿಹೋದರೆ ತಿಂಗಳಿಗೊಮ್ಮೆ ಬರಬಹುದು. ಒಂದು ಎಡವಟ್ಟಾದರೂ ಮತ್ತೆ ಕಳಿಸುವುದಿಲ್ಲ — ಅವಳಪ್ಪನ ಷರತ್ತು.

ಸಮಯಕ್ಕೆ ಸರಿಯಾಗಿ ಇಳಿಯಿತು. ಬರಿಗೈ ಬೀಸುತ್ತ ಬಂದಳು.

"ಅಮ್ಮಾ, ನಾನು ಬಂದೆ, ನನ್ನ ಬ್ಯಾಗ್ ಬರಲಿಲ್ಲ!"

ಅಲ್ಲಿ ಸುಡುಬಿಸಿಲು, ಚಿಕ್ಕ ರನ್‌ವೇ; ಹೊತ್ತು ಏರಬಹುದಾದ ಭಾರ ಕಡಿಮೆ. ಸಾಮಾನು ಅಂದಾಜಿಗಿಂತ ಹೆಚ್ಚು ಬಂದಿತ್ತಂತೆ. ಭಾರ ಮಿತಿ ಮೀರಿ ಹದಿನೈದು ಬ್ಯಾಗ್ ಇಳಿಸಿದ್ದಾರೆ. ನನ್ನ ಇಂಧನ ಇಲ್ಲದಿದ್ದರೆ ಒಂದೂ ಇಳಿಯುತ್ತಿರಲಿಲ್ಲ.

ಜೂನ್ 6, ಶನಿವಾರ

ಬೆಳಗಿನ ವಿಮಾನಕ್ಕೆ ಬ್ಯಾಗ್ ಬಂತು. ಅದರ ಹಿಂದೆಯೇ ಅವಳಪ್ಪನ ಫೋನ್.

"ನೋಡಿದ್ಯಾ? ಮೊದಲ ಸಲವೇ! ನಿಮ್ಮ ಕಂಪನಿಯವರ ಹಣೆಬರಹವೇ ಇಷ್ಟು."

ಹೂಂ ಅಂದಿದ್ದರೆ ತಪ್ಪು ಕಂಪನಿಯ ತಲೆಗೆ ಹೋಗುತ್ತಿತ್ತು. ಮಗಳ ಬರುವಿಕೆಯೂ ನಿಲ್ಲುತ್ತಿತ್ತು.

"ಕಂಪನಿಯಲ್ಲ. ನಾನು." ಎಲ್ಲ ಹೇಳಿದೆ.

ಅವರ ಉತ್ತರ — "ಎರಡು ದಿನದ ಟ್ರಿಪ್ಪಿಗೆ ಮೂರು ಸೂಟ್‌ಕೇಸ್ ತುಂಬೋಳು ನೀನು. ವಿಮಾನವನ್ನ ಸುಮ್ನೆ ಬಿಡ್ತೀಯಾ?"

ಮಗಳು ಪಕ್ಕದಿಂದ ಕೂಗಿದಳು: "ಅಪ್ಪಾ, ನನ್ನ ಬ್ಯಾಗ್ ಬರೀ ಒಂಬತ್ತು ಕಿಲೋ! ಅಮ್ಮನೇ ಓವರ್‌ವೇಟ್!"

ಅವರು ನಕ್ಕರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

"ಅವಳ ವಿಮಾನ ಇನ್ಮೇಲೆ ನೀನು ಮುಟ್ಟಬಾರದು. ಹಾಗಿದ್ರೆ ಕಳಿಸ್ತೀನಿ."

ಜೂನ್ 14, ಭಾನುವಾರ

ಮಗಳ ವಾಪಸಿನ ವಿಮಾನವನ್ನು ಪಕ್ಕದ ಡೆಸ್ಕಿನವರಿಗೆ ಬಿಟ್ಟೆ. ಕಣ್ಣು ಹಾಯಿಸಲಿಲ್ಲ... ಒಮ್ಮೆ ಹಾಯಿಸಿದೆ. ಸರಿಯಾಗಿಯೇ ಇತ್ತು. ಸ್ವಲ್ಪ ಬೇಜಾರಾಯಿತು ಕೂಡ.

ಆಫೀಸಿನ ಗ್ರೂಪಿಗೆ ಹಾಕಲು ಎರಡು ವಿಷಯ ಬರೆದಿಟ್ಟಿದ್ದೇನೆ. ಐದನೇ ತಾರೀಖು ನಾನು ಮಾಡಿದ್ದು. ಇನ್ನು ಮುಂದೆ ಮನೆಯವರಿರುವ ವಿಮಾನದ ಲೆಕ್ಕ ಯಾರೂ ತಾವೇ ಮಾಡಬಾರದು ಎಂಬ ಸಲಹೆ. ಮೇಲಿನವರು ಕರೆದು ಕೇಳಬಹುದು. ಕೇಳಲಿ. ಕೆಲಸ ಗೊತ್ತಿರುವುದರಿಂದಲೇ ಹೇಳುತ್ತಿದ್ದೇನೆ. ಮಗಳು ಮತ್ತೆ ಬರುವುದು ಜುಲೈ ಮೂರಕ್ಕೆ. ಅಲ್ಲಿಯವರೆಗೆ ಕಾಯುವುದಿಲ್ಲ. ಪೋಸ್ಟ್ ಮಾಡುವುದು ನಾಳೆ, ಜೂನ್ 15ಕ್ಕೆ, ಶಿಫ್ಟಿಗೆ ಮೊದಲು.