ಹಡಗು ಹತ್ತುವ ಮೊದಲಿನ ನಾಲ್ಕು ದಿನ

ಜನವರಿ 15, 2014, ಬುಧವಾರ

ಸ್ಟ್ಯಾನ್‌ಗೆ ಬಿ.ಪಿ. ನೂರನಲವತ್ತು. ಮಾತ್ರೆ ಕೊಟ್ಟೆ. ಟೊಮೆಟೊಗೆ ನೀರು. ಹತ್ತಕ್ಕೆ ಬೌಲ್ಸ್ ಕ್ಲಬ್. ಹುಲ್ಲಿನ ಮೇಲೆ ಚೆಂಡು ಉರುಳಿಸಿ ಸೋತೆವು.

ಟೀ ಹೊತ್ತಿಗೆ ಈನಿಡ್ ಪರ್ಟನ್ ಬ್ರೋಷರ್ ಹಿಡಿದು ಪಕ್ಕದಲ್ಲೇ ಕೂತಳು. ಹೋದ ವರ್ಷ ಇದೇ ಕ್ರೂಸ್‌ನಲ್ಲಿ ಹೋಗಿಬಂದವಳು. ಈಗ ನಮ್ಮ ಅಲ್ವರ್‌ಸ್ಟನ್ ಊರಿಗೆಲ್ಲ ಗ್ರೀಸ್ ಪಂಡಿತೆ. ನಮ್ಮದು ಮೇ 11, ಪಿರೇಯಸ್ ಬಂದರಿನಿಂದ. ನನಗೂ ಸ್ಟ್ಯಾನ್‌ಗೂ ಮದುವೆಯಾಗಿ ನಲವತ್ತೈದು ವರ್ಷ ತುಂಬಿದ್ದಕ್ಕೆ.

"ಹಿಂದಿನ ದಿನ ಹೋಗಿ ಇಳೀಬೇಡ ಗ್ಲೆನಿಸ್, ಮಾರಾಯ್ತಿ. ವಿಮಾನ ತಡ ಆದ್ರೆ ಹಡಗು ನಿನಗೋಸ್ಕರ ಕಾಯುತ್ತಾ? ನಾಲ್ಕು ದಿನ ಮುಂಚೆ ಹೋಗಿ. ಅಥೆನ್ಸ್ ನೋಡಿ. ನಿನಗಂತೂ ಅಲ್ಲೇ ಹುಟ್ಟಿದ ಗೈಡು ಮನೇಲೇ ಇದಾನೆ!"

ಆಮೇಲೆ ಸ್ಟ್ಯಾನ್ ಕಡೆ ತಿರುಗಿ, "ಅಕ್ರೊಪೊಲಿಸ್‌ಗೆ ಯಾವ ಗೇಟಲ್ಲಿ ಕ್ಯೂ ಕಮ್ಮಿ?"

"ಎಡಗಡೇದು."

"ಎಡಗಡೆ ಗೇಟೇ ಇಲ್ವಲ್ಲೋ!"

"ನಮ್ಮ ಕಾಲದಲ್ಲಿ ಇತ್ತು."

ಎಲ್ಲರೂ ನಕ್ಕರು. ಅವನೂ ನಕ್ಕ. ಅವನ ಬಿಸ್ಕತ್ತು ಟೀಯಲ್ಲಿ ಮುರಿದು ಬಿತ್ತು, ಚಮಚ ಹಾಕಿ ತೆಗೆಯಲಿಲ್ಲ.

ಜನವರಿ 21, ಮಂಗಳವಾರ

ನಾಲ್ಕು ದಿನದ ಪಟ್ಟಿ ಬರೆದು ಫ್ರಿಜ್‌ಗೆ ಅಂಟಿಸಿದೆ. ಅಕ್ರೊಪೊಲಿಸ್, ಮ್ಯೂಸಿಯಂ, ಒಂದು ದಿನ ಬಸ್ಸಿನಲ್ಲಿ ಡೆಲ್ಫಿ. ಕೊನೆಯ ದಿನ — ಸ್ಟ್ಯಾನ್‌ನ ಬೀದಿ.

ಇವನ ನಿಜವಾದ ಹೆಸರು ಸ್ಟಮಾಟಿಸ್. ಅಕ್ರೊಪೊಲಿಸ್ ಗುಡ್ಡದ ಬುಡದಲ್ಲಿ ಮನೆ, ಅಪ್ಪ ಟ್ರಾಮ್ ಓಡಿಸುತ್ತಿದ್ದ, ಯುದ್ಧಕಾಲದ ಹಸಿವಿಗೆ ಅಪ್ಪ ಅಮ್ಮ ಇಬ್ಬರೂ ಹೋದರು, ಒಡಹುಟ್ಟಿದವರಿಲ್ಲ, ಚಿಕ್ಕಮ್ಮ ಸಾಕಿದಳು. ಇಪ್ಪತ್ಮೂರಕ್ಕೆ ಆಸ್ಟ್ರೇಲಿಯಾಗೆ, ಈ ಟಾಸ್ಮೇನಿಯಾಗೆ ಬಂದು ಅಣೆಕಟ್ಟಿನ ಸುರಂಗ ಕೊರೆದ. ನನಗೆ ಹೇಳಿದ್ದು ಇಷ್ಟು. ನಾವು ಭೇಟಿಯಾದ ಮೊದಲ ಡಾನ್ಸಿನ ದಿನವೇ ಹೇಳಿದ್ದ. ಆಮೇಲೆ ಒಂದಕ್ಷರ ಸೇರಿಸಿಲ್ಲ.

ಬೀದಿಯ ಹೆಸರು ಕೇಳಿದೆ, ಮ್ಯಾಪಿನಲ್ಲಿ ನೋಡೋಣವೆಂದು.

"ಎಲ್ಲ ಒಡೆದುಹಾಕಿರ್ತಾರೆ ಬಿಡು."

"ಬೀದೀನೂ?"

ಹುಲ್ಲು ಕತ್ತರಿಸಲು ಹೋದ. ಹುಲ್ಲು ಮೊನ್ನೆ ತಾನೇ ಕತ್ತರಿಸಿದ್ದ.

ಫೆಬ್ರವರಿ 4, ಮಂಗಳವಾರ

ಪಾಸ್‌ಪೋರ್ಟ್ ಅರ್ಜಿ. ಅವನಿಗೆ ಇದೇ ಮೊದಲನೆಯದು. ಬಂದ ಮೇಲೆ ದೇಶ ಬಿಟ್ಟು ಹೋದದ್ದೇ ಇಲ್ಲ. ಪೌರತ್ವದ ಪತ್ರ ಬೇಕಿತ್ತು. ಶೆಡ್ಡಿನಲ್ಲಿ ಮೊಳೆ ಡಬ್ಬದ ಕೆಳಗೆ, ನಾಲ್ಕಾಗಿ ಮಡಚಿ ಇಟ್ಟಿದ್ದ.

ಹುಟ್ಟಿದ ಸ್ಥಳ: ಅಮೋರ್ಗೋಸ್.

ಮೂವತ್ತು ವರ್ಷ ನರ್ಸ್ ಆಗಿದ್ದೆ. ಕಾಗದ ಎರಡು ಸಲ ಓದುವುದು ಅಭ್ಯಾಸ. ಲೈಬ್ರರಿಗೆ ಹೋಗಿ ಅಟ್ಲಾಸ್ ತೆಗೆದೆ. ದ್ವೀಪ. ಉದ್ದಕ್ಕೆ, ಸಣ್ಣಗೆ. ಅಥೆನ್ಸ್‌ನಿಂದ ದೋಣಿಯಲ್ಲಿ ಒಂದು ಹಗಲು. ನಮ್ಮ ಹಡಗು ಅಲ್ಲಿ ನಿಲ್ಲುವುದಿಲ್ಲ.

ಊಟದ ಮೇಲೆ ಅರ್ಜಿ ಅವನ ಮುಂದೆ ಇಟ್ಟೆ. ಉಳಿದದ್ದೆಲ್ಲ ನಾನೇ ತುಂಬಿದ್ದೆ. ಹುಟ್ಟಿದ ಊರಿನ ಜಾಗ ಮಾತ್ರ ಖಾಲಿ. ಪಕ್ಕದಲ್ಲಿ ಆ ಪತ್ರ, ಮಡಿಕೆ ಬಿಚ್ಚಿ.

ಕನ್ನಡಕ ಹಾಕಿಕೊಂಡ. ಬರೆದ. ದಪ್ಪಕ್ಷರದಲ್ಲಿ, ನಿಧಾನವಾಗಿ. ತಲೆ ಎತ್ತಲಿಲ್ಲ.

"ಹಾಲು ತರಬೇಕಾ?" ಅಂದ.

"ಇದೆ."

ಆದರೂ ಹೋಗಿ ತಂದ.

ಫೆಬ್ರವರಿ 27, ಗುರುವಾರ

ಮೂರು ವಾರ ಬರೆದಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಮನೆಯಲ್ಲಿ ಹಾಲು ಮಾತ್ರ ಸಾಕಷ್ಟಿತ್ತು.

ಇವತ್ತು ಹಿತ್ತಲಲ್ಲಿ ಆಲೂಗಡ್ಡೆ ಅಗೆಯುತ್ತಿದ್ದೆವು. ಅವನು ಅಗೆಯುವುದು, ನಾನು ಬುಟ್ಟಿಗೆ ಹಾಕುವುದು. ಬೆನ್ನು ತಿರುಗಿಸಿಕೊಂಡೇ ಅಂದ: "ಇಬ್ಬರು."

"ಏನು ಇಬ್ಬರು?"

"ಅಕ್ಕ ಒಬ್ಬಳು, ತಂಗಿ ಒಬ್ಬಳು. ಅಮ್ಮಾನೂ ಇದ್ದಳು."

ಬುಟ್ಟಿ ಕೆಳಗಿಟ್ಟೆ. ಅವನು ಅಗೆಯುವುದು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಹೇಳುತ್ತಿರಲಿಲ್ಲವೇನೋ.

ಅವನ ಊರಲ್ಲಿ ಹೆಣ್ಣಿಗೆ ಮದುವೆಯಾಗಬೇಕಾದರೆ ಅವಳ ಹೆಸರಲ್ಲಿ ಒಂದು ಮನೆ ಬೇಕು. ಮನೆಯಿಲ್ಲದಿದ್ದರೆ ಗಂಡಿಲ್ಲ. ಅಪ್ಪ ಬೇಗ ಹೋದದ್ದರಿಂದ ಕಟ್ಟಿಸುವುದು ಇವನ ಪಾಲಿಗೆ ಬಂತು. ಅದಕ್ಕೇ ಇಲ್ಲಿಗೆ ಕಳಿಸಿದ್ದು. ನಾಲ್ಕು ವರ್ಷ ಸುರಂಗದಲ್ಲಿ ದುಡಿದು ದುಡ್ಡು ಕಳಿಸಿದ. ಅಕ್ಕನ ಮನೆ ಎದ್ದಿತು, ಮದುವೆಯಾಯಿತು. ತಂಗಿ ಆರ್ಗಿರೋ. ಅವಳ ಮನೆ ಗೋಡೆಯವರೆಗೆ ಬಂದಿತ್ತು.

"ಆಮೇಲೆ?"

"ಆಮೇಲೆ ನೀನು ಸಿಕ್ಕಿದೆ."

ತಂಗಿಯರ ಮದುವೆ ಮುಗಿಯದೆ ಅಣ್ಣ ಮದುವೆಯಾಗುವ ಹಾಗಿಲ್ಲವಂತೆ. ಹೇಗೆ ಬರೆಯುವುದೆಂದು ತಿಳಿಯದೆ ಬರೆಯುವುದನ್ನೇ ಬಿಟ್ಟ. ಒಂದು ತಿಂಗಳು, ಎರಡು ತಿಂಗಳು... ನಲವತ್ತೈದು ವರ್ಷ ಹಾಗೆಯೇ ಆಗಿಬಿಡುತ್ತದೆ.

"ಅಥೆನ್ಸ್ ಅಂತ ಯಾಕೆ ಹೇಳಿದೆ?"

"ಊರು ಹೇಳಿದ್ರೆ ನೀನು ಮನೆ ಕೇಳ್ತಿದ್ದೆ. ಮನೆ ಹೇಳಿದ್ರೆ ಯಾರ್ ಯಾರಿದಾರೆ ಅಂತ ಕೇಳ್ತಿದ್ದೆ."

"ಈಗ ಇದಾರಾ?"

"ಗೊತ್ತಿಲ್ಲ."

ಎರಡು ಬುಟ್ಟಿ ಆಯಿತು. ಸಿಪ್ಪೆ ತೆಳ್ಳಗೆ, ಒಳ್ಳೆಯ ಬೆಳೆ.

ಮಾರ್ಚ್ 1, ಶನಿವಾರ

ಅಮೋರ್ಗೋಸ್‌ಗೆ ಹೋಗುವ ಮೇ 7ರ ಬೆಳಗಿನ ಫೆರಿಗೆ ಇಬ್ಬರ ಟಿಕೆಟ್ ಬುಕ್ ಮಾಡಿದೆ. ಅಲ್ಲಿನ ಬಂದರಿನ ಹತ್ತಿರ ಮೂರು ರಾತ್ರಿಗೆ ಕೋಣೆ. ಹತ್ತರ ಬೆಳಿಗ್ಗೆ ವಾಪಸ್. ಮರುದಿನ ಸಂಜೆ ಐದಕ್ಕೆ ಹಡಗು. ಲೆಕ್ಕ ಸರಿಹೋಗುತ್ತದೆ. ಫ್ರಿಜ್ ಮೇಲಿನ ಪಟ್ಟಿ ಕಿತ್ತು ಹೊಸದು ಅಂಟಿಸಿದೆ. ಅದರಲ್ಲಿ ಒಂದೇ ಸಾಲು.

"ನಾನು ಬರಲ್ಲ," ಅಂದ.

"ಬೇಡ. ನೀನು ಅಥೆನ್ಸಲ್ಲಿ ನಿನ್ನ ಬೀದಿ ಹುಡುಕ್ತಾ ಇರು. ನಾನು ಹೋಗಿಬರ್ತೀನಿ."

ಈ ವಿಷಯದಲ್ಲಿ ನಾನು ಆಡಿದ ಕಠಿಣ ಮಾತು ಅದೊಂದೇ. ಅಷ್ಟು ಸಾಕೆನಿಸಿತು.

ಮಾರ್ಚ್ 16, ಭಾನುವಾರ

ಈನಿಡ್‌ಗೆ ತಿಳಿಯಿತು. "ಅಕ್ರೊಪೊಲಿಸ್ ಬಿಟ್ಟು ಆ ಬಂಡೆಗಾ? ಬ್ರೋಷರ್‌ನಲ್ಲೇ ಇಲ್ವಲ್ಲೇ ಅದು! ಏನಿದೆ ಅಲ್ಲಿ?"

"ಮೇಕೆ ಇರಬೇಕು," ಅಂದೆ.

ಏಪ್ರಿಲ್ 22, ಮಂಗಳವಾರ

ಸೂಟ್‌ಕೇಸ್ ತೆಗೆದು ಬಿಸಿಲಿಗಿಟ್ಟೆ. ಸ್ಟ್ಯಾನ್ ವಾರದಿಂದ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಒಬ್ಬನೇ ಗ್ರೀಕ್ ಮಾತಾಡುತ್ತಾನೆ. ಒಂದೇ ವಾಕ್ಯ ಅನಿಸುತ್ತದೆ, ಬೇರೆ ಬೇರೆ ಥರ. ಪ್ರತಿಸಲವೂ ಮಧ್ಯದಲ್ಲಿ ನಿಲ್ಲುತ್ತಾನೆ.

ಮೇ 6, ಮಂಗಳವಾರ, ಅಥೆನ್ಸ್

ತಲುಪಿದೆವು. ಕಾಲು ಊದಿದೆ. ಹೋಟೆಲಿನ ಕಿಟಕಿಯಿಂದ ಅಕ್ರೊಪೊಲಿಸ್ ಕಾಣುತ್ತದೆ. ಸ್ಟ್ಯಾನ್ ಬಹಳ ಹೊತ್ತು ನೋಡಿದ.

"ದೊಡ್ಡದಾಗಿದೆ ಅಲ್ವಾ," ಅಂದ. ಮೊದಲ ಸಲ ನೋಡುವವರು ಅನ್ನುವ ಹಾಗೆ.

ಮೇ 8, ಗುರುವಾರ, ಅಮೋರ್ಗೋಸ್

ನಿನ್ನೆ ಫೆರಿಯಲ್ಲಿ ಎಂಟು ಗಂಟೆ. ಹೊರಗೇ ನಿಂತಿದ್ದ, ಒಳಗೆ ಬರಲಿಲ್ಲ. ಇವತ್ತು ಬೆಳಿಗ್ಗೆ ಹೆಸರು ಹೇಳಿದ್ದೇ ಟ್ಯಾಕ್ಸಿಯವನು ತಲೆಯಾಡಿಸಿದ. ಆರ್ಗಿರೋ ಇದ್ದಾಳೆ. ಅಕ್ಕ ತೀರಿಕೊಂಡು ಆರು ವರ್ಷ.

ಗುಡ್ಡದ ಮೇಲಿನ ಊರು. ಟ್ಯಾಕ್ಸಿ ಹೋಗುವುದು ಅರ್ಧದವರೆಗೆ. ಆಮೇಲೆ ಮೆಟ್ಟಿಲು. ಮೂರು ಕಡೆ ಕೂತೆವು, ನನ್ನ ಮೊಣಕಾಲಿಗಾಗಿ ಅಂದ.

ಆರ್ಗಿರೋ ಅಂಗಳದಲ್ಲಿ ಹಸಿ ಅವರೆಯಂಥ ದೊಡ್ಡ ಕಾಳು ಬಿಡಿಸುತ್ತಿದ್ದಳು. ಗಿಡ್ಡ ಹೆಂಗಸು, ಎಪ್ಪತ್ತು. ಅವನದೇ ಮೂಗು. ಬಚ್ಚಲಲ್ಲಿ ಕಲಿತ ವಾಕ್ಯ ಶುರುಮಾಡಿದ. ಇಲ್ಲೂ ಮಧ್ಯದಲ್ಲೇ ನಿಂತ. ಅವಳು ಕಾಳಿನ ತಟ್ಟೆ ಪಕ್ಕಕ್ಕಿಟ್ಟು, ಎದ್ದು, ಮಾತಾಡಿದಳು. ಹತ್ತು ನಿಮಿಷ. ಕೂಗಾಡಲಿಲ್ಲ. ಒಂದೇ ಸಮನೆ, ಬಟ್ಟೆ ಒಗೆಯುವ ಹಾಗೆ.

ಅವಳು ನಿಲ್ಲಿಸಿದ ಮೇಲೆ ಕೇಳಿದೆ: "ಏನಂತೆ?"

"ಒಳಗೆ ಬನ್ನಿ ಅಂತಿದಾಳೆ."

"ಹತ್ತು ನಿಮಿಷ ಅದನ್ನೇ ಅಂದಳಾ?"

"ಗ್ರೀಕ್ ಭಾಷೆ ಉದ್ದ."

ಊಟ ಹಾಕಿದಳು. ಮೇಕೆ ಮಾಂಸ, ಆಲೂಗಡ್ಡೆ. ಅವನ ತಟ್ಟೆಯನ್ನು ಮೇಜಿನ ಮೇಲೆ ಇಟ್ಟದ್ದಲ್ಲ, ಕುಕ್ಕಿದ್ದು. ನನ್ನನ್ನು ಬೆರಳಲ್ಲಿ ಕೇಳಿದಳು, ಮಕ್ಕಳೆಷ್ಟು. ಮುಷ್ಟಿ ಮುಚ್ಚಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ತಾನೂ ಮುಷ್ಟಿ ಮುಚ್ಚಿ ತೋರಿಸಿದಳು. ಇನ್ನೊಂದು ಆಲೂಗಡ್ಡೆ ಬಡಿಸಿದಳು.

ಮನೆಗೆ ಅಂಟಿಕೊಂಡೇ ನಾಲ್ಕು ಗೋಡೆ. ಕಿಟಕಿಯ ಮಟ್ಟಕ್ಕೆ ನಿಂತಿವೆ. ಒಳಗೆ ಎದೆಯೆತ್ತರ ಮುಳ್ಳುಗಿಡ. ಬಂದರಿನ ಕೋಣೆಗೆ ವಾಪಸ್ ಹೋಗಲು ಅವಳು ಬಿಡಲಿಲ್ಲ. ಸೂಟ್‌ಕೇಸ್‌ಗಳನ್ನು ಟ್ಯಾಕ್ಸಿಯವನ ಕೈಲಿ ತರಿಸಿದಳು.

ಮೇ 9, ಶುಕ್ರವಾರ

ಬೆಳಿಗ್ಗೆ ಕಾಫಿ ಕೊಟ್ಟು ಮತ್ತೆ ಶುರುಮಾಡಿದಳು, ಈ ಸಲ ನನ್ನನ್ನೇ ನೋಡುತ್ತ. ಸ್ಟ್ಯಾನ್: "ಹವಾ ಚೆನ್ನಾಗಿದೆ ಅಂತಾಳೆ."

ಆಸ್ಪತ್ರೆಯಲ್ಲಿ ಇಂಥವರನ್ನು ಎಷ್ಟೋ ನೋಡಿದ್ದೇನೆ. ಡಾಕ್ಟರ್ ಹೇಳಿದ್ದನ್ನು ಮನೆಯವರು ಅರ್ಧಕ್ಕರ್ಧ ನುಂಗಿ ರೋಗಿಗೆ ಹೇಳುವುದು.

"ಸ್ಟ್ಯಾನ್, ಅವಳು ಹೇಳಿದ್ದನ್ನ ಹೇಳು. ಪೂರ್ತಿ. ಒಂದು ಮಾತು ಬಿಡಬೇಡ."

ಮೊಣಕಾಲ ಮೇಲೆ ಕೈಯಿಟ್ಟು ಕೂತ. ಅವಳು ಒಂದು ಮಾತು ಹೇಳುವುದು, ಇವನು ಒಂದು ಮಾತು. ನೆಲ ನೋಡಿಕೊಂಡು, ಕೋರ್ಟಿನ ಗುಮಾಸ್ತನ ಹಾಗೆ. ತನ್ನನ್ನೇ 'ನಿನ್ನ ಗಂಡ' ಅನ್ನುತ್ತ.

"ನಿನ್ನ ಗಂಡ ನಾಲ್ಕು ವರ್ಷ ಕಾಗದ ಬರೆದ. ಐದನೇ ವರ್ಷ ನಿಲ್ಲಿಸಿದ. ಸುರಂಗ ಕುಸಿದು ಸತ್ತ ಅಂತ ಅಮ್ಮ ಕಪ್ಪು ಬಟ್ಟೆ ಹಾಕ್ಕೊಂಡ್ಳು. ಆಮೇಲೆ ಹಡಗಿನ ಕೆಲಸದವನೊಬ್ಬ ಊರಿಗೆ ಬಂದು, ಬದುಕಿದಾನೆ, ಮದುವೆ ಆಗಿದಾನೆ ಅಂದ. ಅಮ್ಮ ಕಪ್ಪು ಬಟ್ಟೆ ತೆಗೀಲಿಲ್ಲ. ರೂಢಿ ಆಗಿದೆ ಇರ್ಲಿ ಅಂದ್ಳು."

"ನನ್ನನ್ನ ಕೇಳಿಬಂದವನು, ಸೂರು ಹಾಕೋವರೆಗೆ ಕಾಯ್ತೀನಿ ಅಂದಿದ್ದ. ಎರಡು ವರ್ಷ ಕಾದ. ಅವನ ತಪ್ಪೇನಿಲ್ಲ. ಈಗಲೂ ಮೀನು ತಂದುಕೊಡ್ತಾನೆ. ಅವನ ಹೆಂಡ್ತೀನೂ ಒಳ್ಳೆಯವಳೇ."

"ನಿನ್ನ ಗಂಡ ಕಳ್ಳ ಅಂತಾಳೆ." ಉಸಿರು ತೆಗೆದುಕೊಂಡ. "ಎರಡು ಸಲ ಅಂದಳು. ಕಳ್ಳ, ಕಳ್ಳ."

ಅವಳು ನನ್ನ ಮೊಣಕೈ ಹಿಡಿದು ಏನೋ ಕೇಳಿದಳು. ಸ್ಟ್ಯಾನ್ ಹೇಳಿದ:

"ಅಮ್ಮ ಸಾಯೋ ಮುಂಚೆ ಒಂದು ಕಾಗದ ಬರೆಸಿದ್ದಳಂತೆ. ಅದು ಬಂತಾ ಅಂತ ಕೇಳ್ತಿದಾಳೆ. ನಿನ್ನನ್ನ. ನನ್ನನ್ನಲ್ಲ."

ಬಂದಿತ್ತು. 1971ರ ಜುಲೈ, ನಮ್ಮ ಕಡೆ ಚಳಿಗಾಲ. ಅಂಚೆಯವನು ನನ್ನ ಕೈಗೇ ಕೊಟ್ಟ. ನನಗೆ ಓದಲು ಬಾರದ ಅಕ್ಷರ. ಸ್ಟ್ಯಾನ್ ಓದಿ ಒಲೆಗೆ ಹಾಕಿದ. ಯಾರದು ಎಂದು ನಾನು ಕೇಳಲಿಲ್ಲ. ಕೇಳಿದರೆ ಏನೋ ಹೊರಬರುತ್ತದೆಂದು ಗೊತ್ತಿತ್ತು. ಹೊಸ ಪರದೆ ಹಾಕಿದ ಅಡುಗೆಮನೆ, ಎರಡು ವರ್ಷದ ಸಂಸಾರ. ಹೊರಬರುವುದು ಬೇಕಿರಲಿಲ್ಲ. ಅವನು ಒಂದು ಸುಳ್ಳು ಹೇಳಿದ, ನಾನು ನಲವತ್ತೈದು ವರ್ಷ ಅದಕ್ಕೆ ನೀರೆರೆದೆ. ಆ ವರ್ಷದ ಡೈರಿಯಲ್ಲೂ ಇದು ಇಲ್ಲ.

"ಬಂತು ಅಂತ ಹೇಳು," ಅಂದೆ. "ನನ್ನ ಕೈಗೇ ಬಂತು, ನಾನು ಕೇಳಲಿಲ್ಲ ಅಂತ ಹೇಳು."

ಸ್ಟ್ಯಾನ್ ನನ್ನನ್ನೇ ನೋಡಿದ.

"ಹೇಳು."

ಹೇಳಿದ. ಆರ್ಗಿರೋ ನನ್ನ ಮೊಣಕೈ ಬಿಡಲಿಲ್ಲ. ಒಂದೇ ಒಂದು ಪದ ಅಂದಳು.

"ಸರಿ ಅಂತಾಳೆ."

ಈ ಸಲ ಅದು ನಿಜಕ್ಕೂ ಅಷ್ಟೇ ಇತ್ತು.

ಮೇ 10, ಶನಿವಾರ, ಬೆಳಿಗ್ಗೆ 6.30

ಏಳೂವರೆಗೆ ಫೆರಿ. ಸೂಟ್‌ಕೇಸ್‌ಗಳು ಬಾಗಿಲಲ್ಲಿ. ಸ್ಟ್ಯಾನ್ ಬೆಳಕು ಹರಿಯುವಾಗಲೇ ಎದ್ದು ಆ ಗೋಡೆಗಳ ಒಳಗೆ ಮುಳ್ಳುಗಿಡ ಕೀಳುತ್ತಿದ್ದಾನೆ. ಯಾರೂ ಹೇಳಿಲ್ಲ. ಎಪ್ಪತ್ಮೂರು ವರ್ಷ. ಕೈಗವಸೂ ಇಲ್ಲ. ಆರ್ಗಿರೋ ಗೋಡೆಯ ಮೇಲೆ ಕೂತು ಬೈಯುತ್ತಿದ್ದಾಳೆ.

"ಏನಂತೆ?"

"ಬೇರು ಸಮೇತ ಕೀಳೋ, ಕತ್ತೆ, ಅಂತಾಳೆ." ಬೆನ್ನು ನೇರ ಮಾಡಿದ. "ನೀನು ಹಡಗಿಗೆ ಹೋಗು ಅಂತಾಳೆ. ನಿನ್ನ ಗಂಡನಿಗಿಲ್ಲಿ ಕೆಲಸ ಇದೆಯಂತೆ."

"ನೀನೇನಂತೀಯಾ?"

"ಅವಳಂದದ್ದನ್ನ ಹೇಳೋದಷ್ಟೇ ನನ್ನ ಕೆಲಸ."

ಕೆಳಗೆ ಬಂದರಿನಲ್ಲಿ ಫೆರಿ ಕೂಗಿತು. ಮೂವರೂ ಆ ಕಡೆ ನೋಡಿದೆವು. ಸೂಟ್‌ಕೇಸ್‌ಗಳನ್ನು ಒಳಗಿಟ್ಟು ಬಂದೆ. ಅವನದು ಮೊದಲು, ಆಮೇಲೆ ನನ್ನದು.

ಮೇ 11, ಭಾನುವಾರ, ಸಂಜೆ 4.40

ಇನ್ನು ಇಪ್ಪತ್ತು ನಿಮಿಷಕ್ಕೆ ಹಡಗು ಹೊರಡುತ್ತದೆ. ಮಧ್ಯಾಹ್ನ ಕ್ರೂಸ್ ಕಂಪನಿಗೆ ಫೋನ್ ಮಾಡಿ, ಬರುವುದಿಲ್ಲ ಅಂತ ಹೇಳಿದೆ. ಆ ಕಡೆಯ ಹುಡುಗಿ, ಬರದಿರಲು ಕಾರಣವೇನೆಂದು ಬರೆದುಕೊಳ್ಳಬೇಕು ಅಂದಳು. ಮನೆ ಕಟ್ಟುವ ಕೆಲಸ ಅಂದೆ. ಅಕ್ಷರ ಬಿಡಿಸಿ ಹೇಳಿ ಅಂದಳು.

ಆ ಗೋಡೆಗಳ ಮೇಲೆ ಇನ್ನೆರಡು ಸಾಲು ಕಲ್ಲು ತಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಸ್ಟ್ಯಾನ್ ಗಾರೆಯವನನ್ನು ಕೇಳಲು ಕೆಳಗಿನೂರಿಗೆ ಹೋಗಿದ್ದಾನೆ. ಅಂಗೈ ತುಂಬ ಮುಳ್ಳು, ಹತ್ತೊಂಬತ್ತು ತೆಗೆದೆ. ಆರ್ಗಿರೋ ಇನ್ನೂ ಅವನ ಹೆಸರು ಹಿಡಿದು ಕರೆದಿಲ್ಲ. ಕ್ಷಮೆ ಅಂತೂ ದೂರದ ಮಾತು. ಊಟಕ್ಕೆ ಮಾತ್ರ ಮೂರು ತಟ್ಟೆ ಇಡುತ್ತಾಳೆ.

ಅಡುಗೆಮನೆಯಿಂದ ಕೂಗುತ್ತಿದ್ದಾಳೆ. ನನ್ನ ಹೆಸರು ಅವಳ ಬಾಯಲ್ಲಿ ಗ್ಲೆನಿಸ್ ಅಲ್ಲ, ಗ್ಲಿನೀ. ಒಂದು ಸಲ, ಎರಡು ಸಲ. ಏನೋ ಕೇಳುತ್ತಿದ್ದಾಳೆ, ಉದ್ದಕ್ಕೆ. ಅರ್ಥವಾಗುತ್ತಿಲ್ಲ. ಹೇಳಲು ಸ್ಟ್ಯಾನ್ ಇಲ್ಲ. ಇರಲಿ, ನಾನೇ ಹೋಗಿ —